ಕೊಯ್ಲಿಗೆ ಮುಂಚೆಯೋ, ಆಮೇಲೋ? ಸೊಂಟದ ಆಪರೇಷನ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಎಂಆರ್‌ಐ ರಿಪೋರ್ಟಿನ ಫೋಟೋ, ಅದರ ಬೆನ್ನಿಗೇ ಎರಡು ವಾಯ್ಸ್ ಮೆಸೇಜು, ಆಮೇಲೆ ಅತ್ತಿಗೆಯ ಫೋನು, ಎಲ್ಲಾ ಒಂದೇ ಸಂಜೆ ಬಂದವು. ಎಲ್ಲದರಲ್ಲೂ ಇದ್ದದ್ದು ಒಂದೇ ಪ್ರಶ್ನೆ: ಸೊಂಟದ ಡಿಸ್ಕು, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ, ಹೊರಬಂದು ಎಡಗಾಲಿನ ನರ ಒತ್ತುತ್ತಿದೆಯಲ್ಲ, ಅದಕ್ಕೆ ಆಪರೇಷನ್ ಮಾಡಿಸೋದಾ, ಬೇಡವಾ? ಫೋನಿನಲ್ಲಿ ಹೇಳಿದರೆ ಅರ್ಧ ನೆಟ್‌ವರ್ಕ್ ನುಂಗುತ್ತದೆ, ಉಳಿದರ್ಧವನ್ನು ನೀನು ನಿನಗೆ ಬೇಕಾದ ಹಾಗೆ ಕೇಳಿಸಿಕೊಳ್ಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ತೆಗೆದು ನಾಲ್ಕು ಜನ ಓದುವ ಕಡೆ ಹಾಕುತ್ತೇನೆ ಅಂದದ್ದಕ್ಕೆ ಹೂಂ ಅಂದಿದ್ದೀಯ, ನೆನಪಿರಲಿ. ಸೊಂಟ ಹಿಡಿದುಕೊಂಡು ಓಡಾಡುವವರು ನಮ್ಮ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ.

ನಾನು ಡಾಕ್ಟರಲ್ಲ, ಬ್ಯಾಂಕಿನವನು. ಆದರೆ ಇದೇ ಆಪರೇಷನ್ ಆದವನು. ಆಗ ಓದಿದ್ದು, ಕೇಳಿದ್ದು, ಪೀಡಿಸಿ ತಿಳಿದುಕೊಂಡದ್ದು ಒಂದಿಷ್ಟಿದೆ.

ರಿಪೋರ್ಟನ್ನು ಮೊದಲು ಪಕ್ಕಕ್ಕಿಡು. ಜಗಲಿಯಲ್ಲಿ ಗೋಡೆ ಹಿಡಿದುಕೊಂಡು, ಪಾದದ ಮುಂಭಾಗ ಎತ್ತಿ, ಬರೀ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಹಾಕು. ಆಮೇಲೆ ಕೂತು ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿ, ಅತ್ತಿಗೆ ಅವನ್ನು ಕೆಳಕ್ಕೆ ಒತ್ತಲಿ. ಎಡಗಾಲಿನದು ಬಲಗಾಲಿನಷ್ಟೇ ಗಟ್ಟಿಯಾಗಿ ಎದುರು ನಿಲ್ಲುತ್ತದಾ? ನಿನ್ನಲ್ಲಿ ಒತ್ತಿಕೊಂಡಿರುವುದು ಎಲ್5 ಅನ್ನುವ ನರ. ಪಾದವನ್ನು, ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುಗಳಿಗೆ ಹೋಗುವುದು ಅದೇ. ಅದು ಸೋಲುತ್ತಾ ಬಂದರೆ ನಡೆಯುವಾಗ ಪಾದ ಕೆಳಗೆ ಜೋತು ಬಿದ್ದು ಹೊಸ್ತಿಲಿಗೆ ತಾಗುತ್ತದೆ, ಚಪ್ಪಲಿ ಎಳೆದ ಸದ್ದು ಬರುತ್ತದೆ. ಹಾಗಾಗುತ್ತಿದ್ದರೆ ಈ ಪತ್ರ ಮುಂದೆ ಓದಬೇಡ, ನಾಳೆಯೇ ಸರ್ಜನ್ ಹತ್ತಿರ ಹೋಗು. ಇನ್ನೊಂದು ಮೋಸ ಇದೆ: ಕಾಲು ನೋವು ಥಟ್ಟನೆ ಇಳಿದು, ಅದರ ಜೊತೆಗೇ ಪಾದದ ಶಕ್ತಿಯೂ ಇಳಿದರೆ ಅದು ಗುಣವಾಗುತ್ತಿರುವ ಲಕ್ಷಣ ಅಲ್ಲ. ನರ ಸೋಲುತ್ತಿರಬಹುದು.

ಇನ್ನು ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮಳೆ ಇರಲಿ, ರಾತ್ರಿ ಎರಡು ಗಂಟೆ ಇರಲಿ, ಗಾಡಿ ಮಾಡಿಕೊಂಡು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೊರಡಬೇಕು. ಅಲ್ಲಿ ಲೆಕ್ಕ ಗಂಟೆಗಳದ್ದು. ನಾಚಿಕೆಯಿಂದ ಇದನ್ನು ಹೇಳದೆ ಕೂರುವವರು ಬಹಳ. ನೀನೂ ಅದೇ ಜಾತಿ ಅಂತ ಗೊತ್ತಿದ್ದೇ ಬರೆದೆ.

ಇವೆರಡೂ ಇಲ್ಲ ಅಂತಾದರೆ ಮಾತ್ರ ಮಾಡಿಸಬೇಕೋ ಬೇಡವೋ ಅನ್ನುವ ಚರ್ಚೆಗೆ ಅರ್ಥ.

ಈಗ ರಿಪೋರ್ಟು. ಅದರಲ್ಲಿ ಇಡೀ ಸೊಂಟವೇ ಕುಸಿದ ಹಾಗೆ ಬರೆದಿದ್ದಾರೆ ಅಂತ ಹೆದರಿದ್ದೀಯ. ಎಲ್, ಎಸ್ ಅಂತ ಇರುವುದು ಸೊಂಟದ, ಅದರ ಕೆಳಗಿನ ಎಲುಬುಗಳ ನಂಬರು. ಎಲ್3-ಎಲ್4ರ ನಡುವಿನ ಡಿಸ್ಕಿನಲ್ಲಿ ಬಲ್ಜು, ಅಂದರೆ ಉಬ್ಬು, ಎಲ್5-ಎಸ್1ರಲ್ಲಿ ಬಲ್ಜು, ಎಲ್ಲಾ ಕಡೆ ಸವೆತ, ಎಲ್4-ಎಲ್5ರಲ್ಲಿ ಎಡಕ್ಕೆ ಎಕ್ಸ್‌ಟ್ರೂಷನ್. ನಿನ್ನನ್ನು ಕಾಡುತ್ತಿರುವುದು ಕೊನೆಯದೊಂದೇ. ಸೊಂಟ ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳ ಲೆಕ್ಕ ಹಾಕಿ 2015ರಲ್ಲಿ ಒಂದು ವರದಿ ಬಂತು. ನಲವತ್ತರ ವಯಸ್ಸಿನಲ್ಲಿ ನೂರಕ್ಕೆ 68 ಜನರಿಗೆ ಡಿಸ್ಕ್ ಸವೆದಿರುತ್ತದೆ, 50 ಜನರಿಗೆ ಬಲ್ಜ್ ಇರುತ್ತದೆ, ಅವರಿಗೆ ಅದರ ಸುಳಿವೇ ಇರುವುದಿಲ್ಲ. ನಿನ್ನ ತೋಟದ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಆ ಮಷೀನಿನೊಳಗೆ ಮಲಗಿಸಿದರೂ ಇಂಥದ್ದೇ ಎರಡು ಸಾಲು ಬಂದರೆ ಆಶ್ಚರ್ಯವಿಲ್ಲ, ಆತ ನಾಳೆಯೂ ಮರ ಹತ್ತುತ್ತಾನೆ.

ಎಕ್ಸ್‌ಟ್ರೂಷನ್ ಅಂದರೆ ಡಿಸ್ಕಿನ ಹೊರಬಳೆ ಹರಿದು ಒಳಗಿನ ಮೆತ್ತನೆಯ ತಿರುಳು ಆಚೆ ಬಂದಿದೆ ಅಂತ. ಕೇಳಲಿಕ್ಕೆ ಭಯವಾಗುತ್ತದೆ, ಆದರೆ ತಮಾಷೆ ನೋಡು, ಬರೀ ಉಬ್ಬಿದ ಡಿಸ್ಕಿಗಿಂತ ಹೀಗೆ ಹೊರಬಿದ್ದದ್ದೇ ಕರಗುವ ಸಾಧ್ಯತೆ ಜಾಸ್ತಿ. ಆಚೆ ಬಂದ ತಿರುಳನ್ನು ದೇಹ ಹೊರಗಿನ ವಸ್ತು ಅಂತ ಎಣಿಸಿ, ರಕ್ತದ ಕಣಗಳನ್ನು ಕಳಿಸಿ ತಿನ್ನಿಸುತ್ತಾ ಬರುತ್ತದೆ. ಎಕ್ಸ್‌ಟ್ರೂಷನ್‌ಗಳಲ್ಲಿ ನೂರಕ್ಕೆ ಸುಮಾರು 70 ತಾವಾಗಿಯೇ ಚಿಕ್ಕದಾಗುತ್ತವೆ, ಪೂರ್ತಿ ತುಂಡಾಗಿ ಬಿದ್ದದ್ದು ಇನ್ನೂ ಹೆಚ್ಚು. ಬರೀ ಬಲ್ಜು ಮಾತ್ರ ಬಹುಪಾಲು ಹಾಗೇ ಉಳಿಯುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಕಾಯುವುದು ಅಂದರೆ ಇದನ್ನು ಕಾಯುವುದು.

ಹಾಗಾದರೆ ಆಪರೇಷನ್ ಯಾಕೆ? ಇಲ್ಲಿ ಹಾಲೆಂಡಿನವರು ಮಾಡಿದ ಒಂದು ಕೆಲಸ ನಿನಗೆ ಹೇಳಲೇಬೇಕು, ಯಾಕೆಂದರೆ ಅವರು ಆರಿಸಿಕೊಂಡದ್ದು ನಿನ್ನಂಥವರನ್ನೇ: ಆರರಿಂದ ಹನ್ನೆರಡು ವಾರಗಳಿಂದ ಕಾಲಿನ ಸೆಳೆತ ಅನುಭವಿಸುತ್ತಿದ್ದ 283 ಜನ. ಅರ್ಧ ಜನಕ್ಕೆ ಬೇಗ ಆಪರೇಷನ್. ಇನ್ನರ್ಧ ಜನ ಕಾಯಬೇಕು, ತಡೆಯಲಾಗದಿದ್ದರೆ ಆಮೇಲೆ ಮಾಡಿಸಿಕೊಳ್ಳಬಹುದು. 2007ರಲ್ಲಿ ಫಲಿತಾಂಶ ಬಂತು. ಬೇಗ ಮಾಡಿಸಿಕೊಂಡವರು ಸರಾಸರಿ ನಾಲ್ಕು ವಾರಕ್ಕೆ ಚೇತರಿಸಿಕೊಂಡರು, ಕಾದವರಿಗೆ ಹನ್ನೆರಡು ವಾರ ಹಿಡಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಕೊನೆಗೂ ಆಪರೇಷನ್‌ಗೆ ಹೋದವರು ನೂರಕ್ಕೆ 39. ಅಮೆರಿಕದಲ್ಲೂ ಹೀಗೇ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು, ಅದರ ಫಲಿತಾಂಶ 2006ರಲ್ಲಿ ಬಂತು. ಅಲ್ಲಿ ಆಪರೇಷನ್ ಚೀಟಿ ಬಂದವರಲ್ಲಿ ಬಹಳ ಜನ ಬೇಡ ಅಂದರು, ಬೇಡದ ಚೀಟಿ ಬಂದವರು ಹೋಗಿ ಮಾಡಿಸಿಕೊಂಡರು! ಸೊಂಟ ನೋವಿನವರು ಎಲ್ಲಿ ಹೋದರೂ ಒಂದೇ.

ನಾನು ಇದನ್ನು ಹೀಗೆ ಓದಿಕೊಂಡೆ. ಆಪರೇಷನ್ ನಿನಗೆ ಕೊಡುವುದು ಬೇರೆಯೇ ಒಂದು ಸೊಂಟವನ್ನಲ್ಲ, ಕೆಲವು ತಿಂಗಳುಗಳನ್ನು. ಆ ತಿಂಗಳುಗಳು ನಿನಗೆ ಎಷ್ಟು ಬೆಲೆಯವು ಅನ್ನುವುದನ್ನು ಸರ್ಜನ್ ಹೇಳಲಾರ, ನಾನೂ ಹೇಳಲಾರೆ. ನೀನೂ ಅತ್ತಿಗೆಯೂ ಕೂತು ಲೆಕ್ಕ ಹಾಕಬೇಕು.

ನನ್ನ ಲೆಕ್ಕ ಬೇರೆ ಇತ್ತು. ನನ್ನದು ಎಲ್5-ಎಸ್1. ಕೂರಲಿಕ್ಕೇ ಆಗುತ್ತಿರಲಿಲ್ಲ. ಊಟ ಮಾಡುತ್ತಿದ್ದದ್ದು ಅಡುಗೆಮನೆಯ ಕಟ್ಟೆಗೆ ತಟ್ಟೆ ಇಟ್ಟುಕೊಂಡು, ಒಂದು ಮೊಣಕಾಲನ್ನು ಸ್ಟೂಲಿನ ಮೇಲೆ ಊರಿ. ಮಲಗುತ್ತಿದ್ದದ್ದು ನೆಲದ ಮೇಲೆ, ಮೀನಖಂಡಗಳನ್ನು ಕುರ್ಚಿಯ ಮೇಲೆ ಹಾಕಿ. ಕೆಮ್ಮು ಬಂದರೆ ತೊಡೆಯಿಂದ ಹಿಮ್ಮಡಿವರೆಗೆ ಕರೆಂಟು ಹೊಡೆಯುತ್ತಿತ್ತು. ಕಾಯುತ್ತಾ ಹೋದ ಹಾಗೆ ಕಡಿಮೆ ಆಗಬೇಕಿದ್ದದ್ದು ಹಾಗೇ ನಿಂತುಬಿಟ್ಟಿತು, ರಜೆ ಮುಗಿಯಿತು. ಮಾಡಿಸಿಕೊಂಡೆ. ಮೈಕ್ರೊಡಿಸೆಕ್ಟಮಿ ಅಂತಾರೆ. ಬೆನ್ನಿನಲ್ಲಿ ಒಂದು ಇಂಚಿನಷ್ಟು ಗಾಯ, ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ನರದ ಮೇಲೆ ಕೂತ ತುಂಡನ್ನಷ್ಟೇ ತೆಗೆಯುತ್ತಾರೆ, ಇಡೀ ಡಿಸ್ಕನ್ನಲ್ಲ. ಅರಿವಳಿಕೆ ಇಳಿದು ಎಚ್ಚರವಾದಾಗ ಬೆನ್ನು ಉರಿಯುತ್ತಿತ್ತು, ಕಾಲಿನಲ್ಲಿ ಏನೂ ಇರಲಿಲ್ಲ. ಕಾಲನ್ನು ಆಡಿಸಿ ಆಡಿಸಿ ನೋವನ್ನು ಹುಡುಕಿದೆ. ಮರುದಿನ ನರ್ಸಮ್ಮ ಹಿಡಿದು ನಡೆಸಿದರು.

ಆದರೆ ಪೂರ್ತಿ ಕೇಳು. ಪಾದದ ಹೊರ ಅಂಚು, ಕಿರುಬೆರಳಿನ ಕಡೆ, ಇವತ್ತಿಗೂ ದಪ್ಪ ಬಟ್ಟೆ ಸುತ್ತಿದ ಹಾಗಿದೆ. ಹವಾಯಿ ಚಪ್ಪಲಿ ಮೆಟ್ಟಿಲಲ್ಲಿ ಕಳಚಿಕೊಂಡರೆ ಎರಡು ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಗುತ್ತದೆ. ಬೆಳಗ್ಗೆ ಎದ್ದಾಗ ಸೊಂಟ ಬಿಗಿದಿರುತ್ತದೆ. ಈ ಆಪರೇಷನ್ ಚೆನ್ನಾಗಿ ತೆಗೆಯುವುದು ಕಾಲಿನ ನೋವನ್ನು. ಸೊಂಟದ ನೋವಿನ ವಿಷಯದಲ್ಲಿ ಅಷ್ಟು ಭರವಸೆ ಇಲ್ಲ. ನಿನಗೆ ಕಾಲಿಗಿಂತ ಸೊಂಟವೇ ಹೆಚ್ಚು ನೋಯುತ್ತಿದ್ದರೆ ಈಗಲೇ ಹೇಳು, ಆಗ ನನ್ನ ಮಾತೇ ಬೇರೆ. ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರುವುದು ನೂರಕ್ಕೆ ಐದರಿಂದ ಹತ್ತು ಜನರಲ್ಲಿ ಇದೆ. ಸೋಂಕು, ನರದ ಹೊದಿಕೆ ಹರಿದು ನೀರು ಸೋರುವುದು, ಇವು ಅಪರೂಪ, ಆದರೆ ಇಲ್ಲ ಅಂತಿಲ್ಲ. ಬೆನ್ನಿಗೆ ಕತ್ತಿ ತಾಗಿದರೆ ಕಾಲು ಹೋಯಿತು ಅನ್ನುವ ನಿಮ್ಮೂರ ಪಡಸಾಲೆ ತೀರ್ಪು ಮಾತ್ರ ಸುಳ್ಳು.

ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲು. ನಾನು ಮೊದಲು ತೋರಿಸಿದ ಕಡೆ, ಹೆಸರು ಬೇಡ, ನಾಲ್ಕು ಸ್ಕ್ರೂ, ಎರಡು ರಾಡ್ ಹಾಕಿ ಎಲುಬು ಜೋಡಿಸಬೇಕು ಅಂದಿದ್ದರು. ಕಾರಣ ಕೇಳಿದರೆ ‘ಪರ್ಮನೆಂಟ್ ಆಗುತ್ತೆ’ ಅಂದರು. ಎಲುಬು ಜಾರಿದ್ದರೆ, ಅಲುಗಾಡುತ್ತಿದ್ದರೆ ಅದು ಬೇಕಾಗಬಹುದು. ಮೊದಲ ಸಲ ಡಿಸ್ಕ್ ಹೊರಬಂದವನಿಗೆ, ಬೇರೇನೂ ತೊಂದರೆ ಇಲ್ಲದಿದ್ದರೆ, ಸಾಮಾನ್ಯವಾಗಿ ಬೇಕಿಲ್ಲ. ಸ್ಕ್ರೂ ಅಂದ ಕೂಡಲೇ ಸಿಡಿ ಎತ್ತಿಕೊಂಡು ಇನ್ನೊಬ್ಬರ ಹತ್ತಿರ ಹೋಗು. ನಿಮ್ಹಾನ್ಸ್‌ಗೆ ಹೋದರೂ ಆಯಿತು, ಕ್ಯೂ ಉದ್ದ, ಅಷ್ಟೇ. ಮತ್ತೆ ನಿನ್ನ ಯಶಸ್ವಿನಿ ಕಾರ್ಡು ಚಾಲ್ತಿಯಲ್ಲಿದೆಯಾ, ನೀನು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ಸೊಸೈಟಿಯಲ್ಲಿ ಈ ವಾರವೇ ವಿಚಾರಿಸು.

ಕಾಯುವುದು ಅಂದರೆ ಮಲಗಿರುವುದು ಅಂದುಕೊಂಡಿದ್ದೀಯ, ಅತ್ತಿಗೆ ಹೇಳಿದರು. ಏಳು ಮಾರಾಯ. ಎರಡು ವಾರ ಹಾಸಿಗೆ ಹಿಡಿದು ಮಲಗಿದವರಿಗೂ ಓಡಾಡಿಕೊಂಡಿದ್ದವರಿಗೂ ಏನೂ ವ್ಯತ್ಯಾಸ ಇಲ್ಲ ಅಂತ 1999ರಲ್ಲೇ ಹಾಲೆಂಡಿನವರೇ ತೋರಿಸಿದ್ದಾರೆ. ತೋಟದ ದಾರಿಯಲ್ಲಿ ನಡೆ, ಏರು ಬೇಡ. ನೀನು ನುಂಗುತ್ತಿರುವ ಪ್ರಿಗ್ಯಾಬಲಿನ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳು. ಇಂಥ ಕಾಲುನೋವಿಗೆ ಅದು ಸುಮ್ಮನೆ ಕೊಟ್ಟ ಸಕ್ಕರೆ ಗುಳಿಗೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ ಅಂತ 2017ರಲ್ಲಿ ಆಸ್ಟ್ರೇಲಿಯಾದವರು ಕಂಡುಕೊಂಡರು, ತಲೆಸುತ್ತು ಮಾತ್ರ ಜಾಸ್ತಿಯಾಯಿತು. ನೀನಾಗಿಯೇ ಒಮ್ಮೆಲೇ ನಿಲ್ಲಿಸಬೇಡ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಉಸಿರಾಡಲು ಬಿಡುತ್ತದೆ, ಕಾಯುವ ದಿನಗಳನ್ನು ದಾಟಿಸಲಿಕ್ಕೆ ಒಂದು ದಾರಿ. ಉಳುಕು ತೆಗೆಯುತ್ತೇನೆ ಅಂತ ಬೆನ್ನು ತುಳಿಯುವವರ ಹತ್ತಿರ ಮಾತ್ರ ಹೋಗಕೂಡದು. ಎಣ್ಣೆ ಹಚ್ಚಿಸಿಕೊಳ್ಳುವುದಾದರೆ ಹಚ್ಚಿಸಿಕೋ, ಅದಕ್ಕೆ ನನ್ನ ತಕರಾರಿಲ್ಲ.

ಈಗ ನಿನ್ನ ಲೆಕ್ಕ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಡ್ರಮ್ ಎತ್ತುವಾಗ ಆರಿದ್ರಾ ಮಳೆಯಲ್ಲಿ ಶುರುವಾದದ್ದು, ಈಗ ಮಘೆ ಮಳೆ. ಎಂಟು ವಾರ. ಮೊದಲಿಗಿಂತ ರಾತ್ರಿ ನಿದ್ದೆ ಸ್ವಲ್ಪ ಬರುತ್ತಿದೆ, ನೋವು ಹಿಮ್ಮಡಿಯಿಂದ ತೊಡೆಗೆ ಏರಿದೆ ಅಂತ ಹೇಳಿದೆ. ಕಾಲಿನ ತುದಿಯಿಂದ ಸೊಂಟದ ಕಡೆಗೆ ನೋವು ಹಿಂದೆ ಸರಿಯುವುದು ಒಳ್ಳೆಯ ದಿಕ್ಕು. ನಾನು ನಿನ್ನ ಜಾಗದಲ್ಲಿದ್ದರೆ ಚೌತಿ ದಾಟಿಸುತ್ತೇನೆ, ನವರಾತ್ರಿಯವರೆಗೆ ನೋಡುತ್ತೇನೆ. ಅಷ್ಟರೊಳಗೆ ಇಳಿಯುತ್ತಾ ಬಂದರೆ ಕತ್ತಿಯ ಮಾತೇ ಬೇಡ. ನಿಂತಲ್ಲೇ ನಿಂತರೆ ನವರಾತ್ರಿಯ ಹೊತ್ತಿಗೆ ಮಾಡಿಸಿಬಿಡು, ಕೊಯ್ಲು ಮುಗಿಯಲಿ, ಅಡಿಕೆ ಮಂಡಿಗೆ ಹೋಗಲಿ, ಆಮೇಲೆ ನೋಡೋಣ ಅನ್ನಬೇಡ. ನಾಲ್ಕು ತಿಂಗಳು ದಾಟಿದ ಮೇಲೂ ಕಾಲು ನೋವು ಬಿಡದವರಲ್ಲಿ, ಇನ್ನೂ ಕಾದವರಿಗಿಂತ ಆಪರೇಷನ್ ಆದವರ ನೋವು ಚೆನ್ನಾಗಿ ಇಳಿಯಿತು ಅಂತ ಕೆನಡಾದಿಂದ 2020ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಆಪರೇಷನ್ ಆದ ಮೇಲೆ ಸುಮಾರು ಆರು ವಾರ ಬಾಗಬೇಡ, ಭಾರ ಎತ್ತಬೇಡ ಅನ್ನುತ್ತಾರೆ. ನವರಾತ್ರಿಗೆ ಮಾಡಿಸಿದರೆ ದೊಡ್ಡ ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ನಿಂತು ಯಜಮಾನಿಕೆ ಮಾಡುವಷ್ಟಾಗಿರುತ್ತೀ. ಹೊರುವುದು, ಹಂಡೆ ಇಳಿಸುವುದು, ರಾತ್ರಿಯೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂರುವುದು ಈ ವರ್ಷ ಎರಡೂ ದಾರಿಯಲ್ಲಿ ನಿನಗಿಲ್ಲ. ಸುಲಿಯುವ ಮಷೀನು ಬಾಡಿಗೆಗೆ ಈಗಲೇ ಹೇಳಿಡು, ಆಮೇಲೆ ಸಿಗುವುದಿಲ್ಲ. ಹಸಿ ಅಡಿಕೆಯನ್ನೇ ಕೊಟ್ಟುಬಿಡುವ ಯೋಚನೆಯನ್ನೂ ಮಾಡು, ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ.

ಮತ್ತೊಂದು ಸಣ್ಣ ವಿಷಯ. ಯಾವ ದಾರಿಯೇ ಆಗಲಿ, ನಿಮ್ಮ ಹಿತ್ತಿಲ ಪಾಯಖಾನೆಗೆ ಒಂದು ಕಮೋಡ್ ಕುರ್ಚಿ ತರಿಸು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಬೆಳಗ್ಗೆ ದೇವರು ಕಂಡ. ಬಚ್ಚಲಲ್ಲಿ ಬಿಸಿನೀರನ್ನೂ ಸೊಂಟದ ಎತ್ತರಕ್ಕೆ ಬಕೆಟ್ ಇಟ್ಟು ಮೊಗೆದುಕೋ.

ಸರ್ಜನ್ ಹತ್ತಿರ ಹೋಗುವ ದಿನ ತಿಳಿಸು, ರಜೆ ಹಾಕಿ ಬರುತ್ತೇನೆ. ನೀನೊಬ್ಬನೇ ಹೋದರೆ ‘ಹೂಂ ಡಾಕ್ಟ್ರೇ, ಹೂಂ ಡಾಕ್ಟ್ರೇ’ ಅಂದು ಎದ್ದು ಬರುತ್ತೀ. ಅತ್ತಿಗೆಯನ್ನೂ ಕರೆದುಕೊಂಡು ಬಾ, ಪ್ರಶ್ನೆ ಕೇಳಲಿಕ್ಕೆ ನಮ್ಮಿಬ್ಬರಿಗಿಂತ ಅವರೇ ವಾಸಿ.

ಇಂತಿ ನಿನ್ನ
ಹಳೇ ಬೆಂಚಿನ ಗೆಳೆಯ