ಆ ನೋಟಿಸನ್ನು ದೇವರ ಮುಂದೆ ಹರಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ಮನೆಯ ಮೇಲಿನ ಸಾಲಕ್ಕೆ ಬ್ಯಾಂಕಿನ ನೋಟಿಸು ಬಂದಾಗಿನಿಂದ ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತೇ ಬರುತ್ತಿಲ್ಲ, ‘ನನಗೆ ನಂಬಿಕೆಯೇ ಇಲ್ಲವೇನೋ’ ಅಂತ ಬರೆದಿದ್ದೀಯ. ಧೈರ್ಯದ ಮಾತುಗಳನ್ನು ಈಗಾಗಲೇ ಬೇಕಾದಷ್ಟು ಜನ ಕಳಿಸಿರುತ್ತಾರೆ, ಅದಕ್ಕೆ ನನ್ನದೂ ಒಂದು ಸೇರುವುದು ಬೇಡ. ಯೆಹೂದ ದೇಶದ ಅರಸ ಹಿಜ್ಕೀಯನ ಕತೆಯನ್ನು ಇನ್ನೊಮ್ಮೆ ಓದು ಮಾರಾಯ. ಬೈಬಲಿನ ಅರಸುಗಳ ಎರಡನೆಯ ಪುಸ್ತಕ, 18ರಿಂದ 20ನೇ ಅಧ್ಯಾಯ.

ಚಿಕ್ಕಂದಿನಲ್ಲಿ ನಮಗೆ ಹೇಳಿದ್ದು ಅದರ ಕೊನೆಯನ್ನಷ್ಟೇ: ಅರಸ ಪ್ರಾರ್ಥಿಸಿದ, ಶತ್ರು ಹಿಂದಿರುಗಿದ. ಅದಕ್ಕೆ ಮುಂಚೆ ಅವನು ಪಟ್ಟ ಪಾಡನ್ನು ಯಾರೂ ಹೇಳಲಿಲ್ಲ. ಕ್ರಿ.ಪೂ. 701ರ ಮಾತು. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಕೋಟೆಗಳನ್ನು ಹಿಡಿಯುತ್ತ ಬಂದಾಗ ಹಿಜ್ಕೀಯ ಮೊದಲು ‘ತಪ್ಪಾಯಿತು, ಕೇಳಿದಷ್ಟು ಕೊಡುತ್ತೇನೆ’ ಅಂತ ಹೇಳಿಕಳಿಸಿದ. 300 ತಲಾಂತು (ಆ ಕಾಲದ ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ. ಅದಕ್ಕಾಗಿ ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನೂ ಕಿತ್ತು ಕೊಟ್ಟ. ಕೊಟ್ಟ ಮೇಲೂ ಸೇನೆ ಬಂತು. ಪಂಜರದ ಹಕ್ಕಿಯಂತೆ ಅವನನ್ನು ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಅಂತ ಸನ್ಹೇರೀಬ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. (ಊರನ್ನು ಗೆದ್ದೆ ಅಂತ ಮಾತ್ರ ಅದರಲ್ಲಿ ಎಲ್ಲೂ ಇಲ್ಲ!)

ಆಮೇಲೆ ಬಂತು ಬೆದರಿಕೆಯ ಪತ್ರ. ನಿನ್ನ ದೇವರನ್ನು ನಂಬಿ ಮೋಸಹೋಗಬೇಡ ಅನ್ನುವ ಧಾಟಿಯದು. ಹಿಜ್ಕೀಯ ಅದನ್ನು ಓದಿದ, ದೇವಾಲಯಕ್ಕೆ ಹೋದ, ಆ ಪತ್ರವನ್ನೇ ದೇವರ ಮುಂದೆ ಹರಡಿದ. ನನಗೆ ಇಡೀ ಕತೆಯಲ್ಲಿ ಹಿಡಿಸುವುದು ಇದೇ ಜಾಗ. ಅವನ ಪ್ರಾರ್ಥನೆಯನ್ನು ಗಮನವಿಟ್ಟು ನೋಡು. ಅಶ್ಶೂರದವರು ಏನೂ ಮಾಡಲಾರರು ಅಂತ ಅವನು ಜಂಬ ಕೊಚ್ಚುವುದಿಲ್ಲ. ಹೌದು ಸ್ವಾಮೀ, ಇವರು ದೇಶದೇಶಗಳನ್ನೇ ಹಾಳುಮಾಡಿದವರು, ಅದು ನಿಜ, ಅಂತ ಒಪ್ಪಿಕೊಂಡೇ ಬೇಡುತ್ತಾನೆ. ಭಯವನ್ನು ಒಳಗೆ ಅದುಮಿಟ್ಟು ಮೇಲೆ ಮೇಲೆ ಸ್ತುತಿ ಹಾಡುವುದಕ್ಕಿಂತ ಇದು ಎಷ್ಟೋ ದೊಡ್ಡ ನಂಬಿಕೆ ಅಂತ ನನಗನ್ನಿಸುತ್ತದೆ.

ಮಾತು ಬಾರದಿದ್ದರೆ ನೀನೂ ಹಾಗೇ ಮಾಡು. ನೋಟಿಸನ್ನು ತೆರೆದಿಟ್ಟು ಕೂತುಕೋ. ಬಡ್ಡಿ ಎಷ್ಟು, ಗಡುವು ಯಾವತ್ತು, ಎಲ್ಲ ಓದಿ ಹೇಳು. ಸಿಟ್ಟು ಬಂದರೆ ಸಿಟ್ಟನ್ನೂ ಹೇಳು. 88ನೇ ಕೀರ್ತನೆ ಮುಗಿಯುವುದೇ ಕತ್ತಲಲ್ಲಿ, ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಅದೂ ಪ್ರಾರ್ಥನೆಯೆಂದೇ ಪವಿತ್ರ ಗ್ರಂಥದಲ್ಲಿ ಉಳಿದಿದೆ.

ಹಾಗಂತ ಪ್ರಾರ್ಥಿಸಿದರೆ ಮನೆ ಉಳಿದೇ ಉಳಿಯುತ್ತದೆ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಅಪೊಸ್ತಲ ಪೌಲ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು ‘ಮುಳ್ಳು’ ಅಂತ ಕರೆದು ಅದನ್ನು ತೆಗೆದುಹಾಕೆಂದು 3 ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಈ ಉತ್ತರ ಕೇಳಿದಾಗ ಅವನಿಗೆ ಹೇಗಾಗಿರಬೇಡ!

ಇನ್ನೊಂದು ವಿಷಯ. ದೇವರನ್ನು ನಂಬಿದ್ದೇನೆಂದು ಹಿಜ್ಕೀಯ ಕೈಕಟ್ಟಿ ಕೂರಲಿಲ್ಲ. ಊರಿಗೆ ನೀರು ತರಲು ಅವನ ಕಾಲದಲ್ಲಿ ಬಂಡೆ ಕೊರೆದು ಮಾಡಿದ ಸುಮಾರು 533 ಮೀಟರಿನ ಸುರಂಗ ಇವತ್ತಿಗೂ ಇದೆ. ಆದ್ದರಿಂದ ವಕೀಲರನ್ನು ಕಾಣು, ಬ್ಯಾಂಕಿನವರ ಹತ್ತಿರ ಕಂತು ಇಳಿಸಲಾಗುತ್ತದೆಯೇ ಕೇಳು. ಅದರಿಂದ ನಂಬಿಕೆಗೇನೂ ಕುಂದಿಲ್ಲ.

ಆ ಪತ್ರ ಬರುವ ಮುಂಚೆಯೇ ಹಿಜ್ಕೀಯ ಪ್ರವಾದಿ ಯೆಶಾಯನ ಬಳಿಗೆ ಜನರನ್ನು ಕಳಿಸಿದ್ದ. ಹೆರಿಗೆಯ ಹೊತ್ತು ಬಂದಿದೆ, ಹೆರುವ ಶಕ್ತಿಯಿಲ್ಲ, ನಮಗಾಗಿ ಪ್ರಾರ್ಥಿಸು ಅಂತ. ಅರಸನಾದವನು ತನ್ನ ಕೈಯಲ್ಲಾಗುತ್ತಿಲ್ಲ ಅಂತ ಇನ್ನೊಬ್ಬರಿಗೆ ಹೇಳಿಕಳಿಸಿದ. ನೀನು ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ ಅಂತ ಬರೆದಿದ್ದೀಯಲ್ಲ, ಅದು ಸರಿಯಲ್ಲ ಕಣೋ. ಇವತ್ತೇ ಹೆಂಡತಿಗೆ ಹೇಳು. ಒಬ್ಬನೇ ಹೇಳಲು ಕಷ್ಟವಾದರೆ ಫೋನ್ ಮಾಡು, ನಾನು ಬರುತ್ತೇನೆ.

ನಿನ್ನ ಗೆಳೆಯ