ಹೂರಣದ ಬನ್ನು

ಪ್ರಿಯ ಓದುಗರೇ,

ಪ್ರತಿ ಸಂಚಿಕೆಯ ಕೊನೆ ಪುಟಕ್ಕೆ ವಧು-ವರರ ಜಾಹೀರಾತು ಜೋಡಿಸುವುದು ನನ್ನ ಪಾಲಿನ ಕೆಲಸ. ಎತ್ತರ, ಬಣ್ಣ, ಓದು, ವೀಸಾ, ಸಂಬಳ. ಈ ಸಲ ಅದನ್ನು ಮುಗಿಸಿ, ರಾತ್ರಿ ಸುಮ್ನೆ ಒಂದು ಹಳೇ ಜಪಾನೀ ಸಿನಿಮಾ ಹಾಕಿಕೊಂಡು ಕೂತೆ. ನೋಡಿದರೆ ಅಲ್ಲೂ ಅದೇ ಲೆಕ್ಕ!

ನಿರ್ದೇಶಕ ಯಸುಜಿರೊ ಒಜು ಅವರ 'ಅರ್ಲಿ ಸಮ್ಮರ್', 1951ರದು. ಕಾಮಾಕುರಾದಲ್ಲಿ ಒಂದು ತುಂಬು ಕುಟುಂಬ. ಮಗಳು ನೊರಿಕೊಗೆ 28 ವರ್ಷ, ಟೋಕಿಯೋದಲ್ಲಿ ಆಫೀಸ್ ಕೆಲಸ. ಆ ಕಾಲಕ್ಕೆ ಅದು "ಇನ್ನೂ ಆಗಿಲ್ವಾ?" ಅನ್ನಿಸಿಕೊಳ್ಳುವ ವಯಸ್ಸು. ಅವಳ ಬಾಸ್ ಒಂದು ಸಂಬಂಧ ತರುತ್ತಾನೆ. ಒಳ್ಳೇ ಮನೆತನ, ಕೈತುಂಬ ದುಡ್ಡು. ಗಂಡಿಗೆ ನಲವತ್ತು ದಾಟಿದೆ, ಅಷ್ಟೇ. ತಾಯಿಯ ಮುಖ ಸಪ್ಪಗಾಗುತ್ತದೆ. ಡಾಕ್ಟರ್ ಅಣ್ಣ ಮಾತ್ರ, ಇವಳ ವಯಸ್ಸಿಗೆ ನಾವು ಆರಿಸುತ್ತಾ ಕೂರೋಕಾಗುತ್ತಾ ಅನ್ನುವ ಧಾಟಿಯಲ್ಲಿ ಗದರುತ್ತಾನೆ.

ತಮಾಷೆ ಏನೆಂದರೆ, ಅಷ್ಟರಲ್ಲಿ ಕಾನೂನು ಆಗಲೇ ಬದಲಾಗಿತ್ತು. ಹಳೇ ಕಾನೂನಿನಲ್ಲಿ ಮದುವೆಗೆ ಮನೆ ಯಜಮಾನ ಒಪ್ಪಬೇಕಿತ್ತು. 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದ 24ನೇ ವಿಧಿ ಪ್ರಕಾರ ಗಂಡು-ಹೆಣ್ಣು ಇಬ್ಬರು ಒಪ್ಪಿದರೆ ಸಾಕು. ಆ ವಿಧಿಯ ಕರಡು ಬರೆದವಳು ಬಿಯಾಟೆ ಸಿರೋಟಾ, ಟೋಕಿಯೋದಲ್ಲಿ ಬೆಳೆದ 22ರ ಹುಡುಗಿ. ಆದರೆ ಕಾನೂನು ಬದಲಾದಷ್ಟು ಬೇಗ ಊಟದ ಮನೆಯ ಮಾತು ಬದಲಾಗುತ್ತದಾ? ಯುದ್ಧ ಮುಗಿದ ಮೇಲೆ ಹೆಂಗಸರ ಬಾಯಿ ಜಾಸ್ತಿಯಾಯಿತು ಎಂದು ಅಣ್ಣ ಗೊಣಗುತ್ತಾನೆ. ಈಗ ತಾನೇ ಸರಿಯಾಗಿದೆ, ಇಲ್ಲಿತನಕ ಗಂಡಸರದ್ದೇ ಜಾಸ್ತಿಯಾಗಿತ್ತು ಎಂದು ನೊರಿಕೊ ನಗುತ್ತಲೇ ತಿರುಗೇಟು ಕೊಡುತ್ತಾಳೆ.

ನಾನು ಎರಡು ಸಲ ಹಿಂದೆ ಹಾಕಿ ನೋಡಿದ ದೃಶ್ಯ ಬೇರೆ. ಅಣ್ಣನ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಯಾಬೆ ಅಂತ ಒಬ್ಬ ಡಾಕ್ಟರ್. ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಸಣ್ಣ ಮಗು. ಅವನಿಗೆ ಉತ್ತರದ ದೂರದ ಅಕಿತಾಗೆ ವರ್ಗವಾಗಿದೆ. ಅವನು ಹೊರಡುವ ಮುಂಚೆ ನೊರಿಕೊ ಅವರ ಮನೆಗೆ ಹೋಗುತ್ತಾಳೆ. ಯಾಬೆ ಇನ್ನೂ ಬಂದಿಲ್ಲ. ಅವನ ತಾಯಿ ಹಿಂಜರಿಯುತ್ತಾ, ಸಿಟ್ಟು ಮಾಡ್ಕೋಬೇಡ, ನಿನ್ನಂಥವಳು ಸೊಸೆಯಾಗಿ ಬಂದಿದ್ದರೆ ಅಂತ ನನಗೊಂದು ಕನಸು ಅನ್ನುತ್ತಾಳೆ. ನೊರಿಕೊ ಕೇಳುತ್ತಾಳೆ: ನನ್ನಂಥ 'ಉರೆನೊಕೊರಿ' ಆಗಬಹುದಾ? ಉರೆನೊಕೊರಿ ಅಂದರೆ ಮಾರಾಟವಾಗದೆ ಅಂಗಡಿಯಲ್ಲಿ ಉಳಿದ ಮಾಲು. ಮುದುಕಿ ಅಳುತ್ತಾಳೆ, ನಗುತ್ತಾಳೆ, ಏನು ಮಾಡುವುದು ಗೊತ್ತಾಗದೆ ಅನ್‌ಪಾನ್ ತಿಂತೀಯಾ ಅನ್ನುತ್ತಾಳೆ. ಹೋಳಿಗೆಯ ಹೂರಣದಂಥ ಸಿಹಿ ಕಾಳು ತುಂಬಿದ ಬನ್ನು ಅದು. ಮದುವೆ ನಿಶ್ಚಯವಾಯಿತು. ಗಂಡಿಗೆ ಆಮೇಲೆ ಗೊತ್ತಾಗುತ್ತದೆ!

ಅದೇ ಸಿನಿಮಾದಲ್ಲಿ ನೊರಿಕೊ ತಂದ ಕೇಕಿನ ಬೆಲೆ 900 ಯೆನ್ ಅಂತ ಕೇಳಿ ಅತ್ತಿಗೆ ಬೆಚ್ಚಿಬೀಳುತ್ತಾಳೆ. ಅತ್ತಿಗೆಯ ಮಗ ಕಣ್ಣುಜ್ಜುತ್ತಾ ಎದ್ದು ಬಂದರೆ ತಟ್ಟೆ ಮೇಜಿನ ಕೆಳಗೆ. ಆ ದುಬಾರಿ ಕೇಕನ್ನೂ ಈ ಬಡ ಬನ್ನನ್ನೂ ಒಜು ಸುಮ್ಮನೆ ಇಟ್ಟಿಲ್ಲ ಅಂತ ನನಗನ್ನಿಸುತ್ತದೆ. ಹಣವಂತನನ್ನು ಬಿಟ್ಟು ಮಗುವಿರುವವನನ್ನು ಆರಿಸಿಕೊಂಡಿದ್ದಕ್ಕೆ ಮನೆಯವರೆಲ್ಲ ಮುಖ ಊದಿಸಿಕೊಳ್ಳುತ್ತಾರೆ. ಅವಳ ಸಂಬಳವೂ ಹೋಯಿತಲ್ಲ. ಮನೆಯೇ ಚದುರುತ್ತದೆ, ಅಪ್ಪ-ಅಮ್ಮ ಹಳ್ಳಿ ಸೇರುತ್ತಾರೆ. ಅಂದಹಾಗೆ, ಮದುವೆಯ ಕಥೆಗಳನ್ನೇ ಇಷ್ಟೊಂದು ಹೇಳಿದ ಒಜು ಮದುವೆಯಾಗಲಿಲ್ಲ. ನೊರಿಕೊ ಪಾತ್ರ ಮಾಡಿದ ಸೆತ್ಸುಕೊ ಹಾರಾ ಕೂಡ ಆಗಲಿಲ್ಲ.

ಎಪ್ಪತ್ತು ವರ್ಷ ಬಿಟ್ಟು ಬನ್ನಿ. ಯುಕಿಕೊ ಸೋದೆ ಅವರ 'ಅರಿಸ್ಟೊಕ್ರಾಟ್ಸ್' 2021ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಹನಾಕೊ ಟೋಕಿಯೋದ ಸಿರಿವಂತರ ಮಗಳು, ಮದುವೆ ಒಂದೇ ದಾರಿ ಎಂದು ನಂಬಿದವಳು. ಸಂಬಂಧ ಕೂಡಿಬರುವ ಮುಂಚೆ ಗಂಡಿನ ಮನೆಯವರು ಅವಳ ಹಿನ್ನೆಲೆಯನ್ನು ಗುಟ್ಟಾಗಿ ವಿಚಾರಿಸಿಕೊಂಡಿರುತ್ತಾರೆ. ಮಿಕಿ ತೊಯಾಮಾದ ಹುಡುಗಿ. ಓದಿ ಓದಿ ಕೆಯೋ ವಿಶ್ವವಿದ್ಯಾಲಯ ಸೇರಿದವಳು, ಮನೆಯಲ್ಲಿ ದುಡ್ಡಿಲ್ಲದೆ ಅರ್ಧಕ್ಕೇ ಬಿಟ್ಟವಳು. ಹನಾಕೊಳನ್ನು ಮದುವೆಯಾಗುವ ಗಂಡೇ ಮಿಕಿಗೂ ಪರಿಚಯದವನು. ನಮ್ಮ ಸೀರಿಯಲ್ಲಿನವರಾಗಿದ್ದರೆ ಇಬ್ಬರಿಗೂ ಜಡೆ ಜಗಳ ಹಚ್ಚಿ ನೂರು ಕಂತು ಎಳೆಯುತ್ತಿದ್ದರು, ಅಲ್ವಾ? ಸೋದೆ ಹಾಗೆ ಮಾಡುವುದಿಲ್ಲ. ಇಬ್ಬರೂ ಕೂತು ಮಾತಾಡುತ್ತಾರೆ. ಮಿಕಿಯ ಸಣ್ಣ ಮನೆಗೆ ಹೋದಾಗ ಹನಾಕೊ ತಾನು ಹುಟ್ಟಿದ ಊರನ್ನೇ ಹೊಸದಾಗಿ ನೋಡುತ್ತಾಳೆ.

ಕೊನೆ ಪುಟದ ಜಾಹೀರಾತುಗಳು ಎಂದಿನಂತೆ ಇವೆ. ಫಾರ್ಮಿನಲ್ಲಿದ್ದ 'ಸಂಬಳ' ಅನ್ನುವ ಕಲಂ ಮಾತ್ರ ಈ ಸಲದಿಂದ ತೆಗೆದಿದ್ದೇನೆ. ಸಮಿತಿಯವರು ಇನ್ನೂ ಗಮನಿಸಿಲ್ಲ.

ಸಂಪಾದಕಿ