ಅಡಿಗಲ್ಲು ಗುಜರಿಗೆ ಹಾಕುವ ಮುಂಚೆ ಅದರ ಮೈ ಓದಿ

ಸಂಪಾದಕರೇ,

ಹೋದ ತಿಂಗಳು ನಮ್ಮ ಮನೆಯ ಅಡಿಗಲ್ಲು, ಅಂದರೆ ಕಂಬಾರರು ಕಾದ ಕಬ್ಬಿಣ ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ, ಗುಜರಿ ಗಾಡಿ ಹತ್ತುವುದರಲ್ಲಿತ್ತು. ಅಜ್ಜನ ಕುಲುಮೆ ಆರಿ ಇಪ್ಪತ್ತು ವರ್ಷ ಆಯಿತು. ತಿದಿ ಹರಿದುಹೋಯಿತು, ಇಕ್ಕಳ ಸುತ್ತಿಗೆ ಯಾರ್ಯಾರೋ ಒಯ್ದರು, ಉಳಿದಿದ್ದು ಹಿತ್ತಲಿನ ಬೇವಿನ ಮರದ ಕೆಳಗೆ ಮಳೆಗೆ ನೆನೆಯುತ್ತಾ ಬಿದ್ದ ಇದೊಂದೇ. ಗುಜರಿಯವರು ತೂಗಿದರು, 80 ಕಿಲೋ ಬಂತು. ಪಕ್ಕದಲ್ಲಿ ತುಕ್ಕಿನ ನಡುವೆ 1, 2, 10 ಎಂದು ಬಿಡಿಬಿಡಿಯಾಗಿ ಅಂಕಿ ಕಂಡವು. ‘1210ನೇ ಇಸವಿದು ಇರಬೇಕ್ರಿ’ ಎಂದರು ಅವರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ, ಗಾಡಿ ವಾಪಸ್ ಕಳಿಸಿದೆ.

ಅದು ಇಸವಿ ಅಲ್ಲ, ತೂಕ. ಹಳೆಯ ಇಂಗ್ಲಿಷ್ ಅಡಿಗಲ್ಲಿನ ಮೇಲೆ ತೂಕವನ್ನು ಹೀಗೆ ಮೂರು ಅಂಕಿಯಲ್ಲಿ ಒತ್ತುತ್ತಿದ್ದರು. ಮೊದಲನೆಯದು ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಎರಡನೆಯದು ಅದರ ಕಾಲು ಭಾಗ, 28 ಪೌಂಡು. ಕೊನೆಯದು ಬಿಡಿ ಪೌಂಡು. 112, ಎರಡು ಸಲ 28, ಮೇಲೆ 10, ಒಟ್ಟು 178 ಪೌಂಡು. ಕಿಲೋ ಲೆಕ್ಕ ಹಾಕಿದರೆ 80ಕ್ಕೆ ಚೂರು ಜಾಸ್ತಿ. ತಕ್ಕಡಿ ಹೇಳಿದ್ದೂ ಅದನ್ನೇ ಅಲ್ವಾ! ಲೆಕ್ಕ ಕೂಡಿಬಂದಾಗ ಮೈ ಜುಮ್ಮೆಂದಿತು.

ಆಮೇಲೆ ಸುಮ್ನೆ ಕೂರಲು ಆಗಲಿಲ್ಲ. ಡೀಸೆಲ್ ಸವರಿ, ತೆಂಗಿನ ನಾರಿನಿಂದ ತಿಕ್ಕಿ, ಒಣಗಿದ ಮೇಲೆ ಪಕ್ಕಕ್ಕೆಲ್ಲ ಜೋಳದ ಹಿಟ್ಟು ಬಳಿದೆ. ರಾತ್ರಿ ಮೊಬೈಲ್ ಟಾರ್ಚ್ ಅಡ್ಡಲಾಗಿ ಹಿಡಿದೆ. ತಗ್ಗಿನಲ್ಲಿ ಹಿಟ್ಟು ನಿಂತು ಅಕ್ಷರ ಒಂದೊಂದೇ ಎದ್ದು ಬಂದವು. ಪೀಟರ್ ರೈಟ್, ಪೇಟೆಂಟ್, ಅಂದರೆ ತಯಾರಕರ ಹೆಸರು. ದುಂಡಗಿನ ಮುದ್ರೆಯೊಳಗೆ ಸಾಲಿಡ್ ರಾಟ್, ಅಂದರೆ ಎರಕ ಅಲ್ಲ, ಬಡಿದು ಮಾಡಿದ್ದು. ಕೆಳಗೆ ಇಂಗ್ಲೆಂಡ್. ಇನ್ನೊಂದು ಬದಿಗೆ, ಯಾರೋ ಕೈಯಿಂದ ಸೊಟ್ಟಗೆ ಹೊಡೆದಂತೆ, ಎಂ.ಎಸ್.ಎಂ.

ನಮ್ಮ ಅಪ್ಪ ಮೊದಲಿನಿಂದಲೂ ‘ಇದು ಚೆನ್ನಮ್ಮನ ಕಾಲದ್ದೈತಿ ತಮ್ಮಾ’ ಎನ್ನುತ್ತಿದ್ದರು. ಬೈಲಹೊಂಗಲದಲ್ಲಿ ಹಳೆಯದೆಲ್ಲ ಚೆನ್ನಮ್ಮನ ಕಾಲದ್ದೇ, ಅದು ನಮ್ಮ ಪ್ರೀತಿ. ಆದರೆ ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಅಡಿಗಲ್ಲಿನ ಮೇಲ್ಮೈ ತುದಿಯಲ್ಲಿ ಉಳಿ ಕೂರಿಸುವ ಚೌಕ ತೂತಿನ ಪಕ್ಕ ಒಂದು ಸಣ್ಣ ದುಂಡು ತೂತು ಇರುತ್ತದೆ, ಲಾಳಕ್ಕೆ ರಂಧ್ರ ಹೊಡೆಯಲು. ಇಂಗ್ಲಿಷ್ ಅಡಿಗಲ್ಲುಗಳಲ್ಲಿ ಅದು ರೂಢಿಗೆ ಬಂದದ್ದೇ 1830ರ ಆಸುಪಾಸು. ನಮ್ಮದರಲ್ಲಿ ಆ ತೂತು ಇದೆ. ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು, ಹಾಗಾಗಿ ಇಂಗ್ಲೆಂಡ್ ಎಂಬ ಮುದ್ರೆ ಇದ್ದರೆ ಹೆಚ್ಚಾಗಿ ಆಮೇಲಿನದು. ಇನ್ನು ಎಂ.ಎಸ್.ಎಂ. ಅಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಅದು ಆ ಹೆಸರಿನಲ್ಲಿ ಇದ್ದದ್ದು 1908ರಿಂದ 1951ರವರೆಗೆ. ಹುಬ್ಬಳ್ಳಿಯ ರೈಲ್ವೆ ಹರಾಜಿನಲ್ಲಿ ಕೊಂಡೆ ಎಂದು ಅಜ್ಜ ಹೇಳುತ್ತಿದ್ದ ಮಾತಿಗೆ ಈಗ ಕಬ್ಬಿಣವೇ ಸಾಕ್ಷಿ.

ಅಪ್ಪನಿಗೆ ಮೊದಲು ಬೇಜಾರಾಯಿತು. ಆಮೇಲೆ ಎಂ.ಎಸ್.ಎಂ. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಿದ್ದರು.

ಎಲ್ಲ ಅಡಿಗಲ್ಲಿಗೂ ಹೆಸರು ಇರುವುದಿಲ್ಲ. ತೂಕ ಕಿಲೋದಲ್ಲಿ ಇದ್ದು ನಮ್ಮ ದೇಶದ್ದೇ ಆಗಿದ್ದರೆ ಅದು 1956ರ ಅಳತೆ ಕಾನೂನಿನ ನಂತರದ್ದು ಎನ್ನಬಹುದು. ಅಕ್ಷರ ಉಬ್ಬಿದ್ದು, ನಡುವೆ ಅಚ್ಚಿನ ಗೆರೆ ಓಡಿದ್ದರೆ ಅದು ಎರಕದ್ದು. ಬಡಿದು ಮಾಡಿದ್ದಕ್ಕೆ ಸುತ್ತಿಗೆ ತಾಗಿಸಿದರೆ ಗಂಟೆಯಂತೆ ನಾದ ಬರುತ್ತದೆ, ಬರೀ ಎರಕದ್ದು ಸಪ್ಪಗೆ ಸದ್ದು ಮಾಡುತ್ತದೆ. ಹತ್ತು ಇಂಚು ಮೇಲಿಂದ ಬೇರಿಂಗ್ ಗುಂಡು ಬಿಡಿ. ಏಳೆಂಟು ಇಂಚು ಪುಟಿದರೆ ಮೇಲಿನ ಉಕ್ಕು ಇನ್ನೂ ಗಟ್ಟಿ ಇದೆ ಅಂತ ಅರ್ಥ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ದಯವಿಟ್ಟು ಗ್ರೈಂಡರ್ ಹಿಡಿಯಬೇಡಿ. ನಮ್ಮ ಪರಿಚಯದವರೊಬ್ಬರು ಚೆಂದ ಕಾಣಲಿ ಎಂದು ಒಂದು ವರ್ಕ್‌ಶಾಪಿಗೆ ಕೊಟ್ಟು ಮೇಲ್ಮೈ ಉಜ್ಜಿಸಿದರು. ಮೆತ್ತನೆಯ ಕಬ್ಬಿಣದ ಮೇಲೆ ಬೆಸೆದ ಉಕ್ಕಿನ ಪದರ ಅರ್ಧ ಇಂಚಿನಷ್ಟು ಮಾತ್ರ ಇರುತ್ತದೆ. ಅದನ್ನೇ ತಿಂದುಬಿಟ್ಟರು, ಪಕ್ಕದ ಅಂಕಿಯೂ ಹೋಯಿತು. ಈಗ ಸುತ್ತಿಗೆ ಬಿದ್ದಲ್ಲೆಲ್ಲ ಕುಳಿ.

ಬೆಳಗಾವಿ, ಗೋಕಾಕ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಮುಚ್ಚಿದ ಕುಲುಮೆಗಳು ಎಷ್ಟೋ ಇವೆ. ಮರಾಠಿ ಮನೆಗಳಲ್ಲಿ ಇದನ್ನೇ ಐರಣ ಎನ್ನುತ್ತಾರೆ, ಅವರಿಗೂ ಹೇಳಿ. ನಿಮ್ಮ ಮನೆಯದರ ಮೇಲೆ ಅಕ್ಷರ ಕಂಡರೆ ಫೋಟೊ ತೆಗೆದು ಈ ಪತ್ರಿಕೆಗೆ ಕಳಿಸಿ. ಸಂಪಾದಕರು ವಾರಕ್ಕೆ ಒಂದಾದರೂ ಛಾಪಿಸಿದರೆ ನಮ್ಮ ಕಂಬಾರರ ಮನೆಗಳಲ್ಲಿ ಏನೇನಿದೆ ಎಂದು ಗೊತ್ತಾಗುತ್ತದೆ. ಮೊದಲ ಫೋಟೊ ಈ ಪತ್ರದ ಜೊತೆಗೇ ಇಟ್ಟಿದ್ದೇನೆ, ಹಿಟ್ಟು ಇನ್ನೂ ಒರೆಸಿಲ್ಲ.

— ಒಬ್ಬ ಓದುಗ, ಬೈಲಹೊಂಗಲ